ರಜೆಯ ಸ್ಕೂಟರು ಮತ್ತು ರಸ್ತೆಬದಿಯ ತಪಾಸಣೆ



ಡಿಸೆಂಬರಿನ ಶಾಲಾ ರಜೆ ಸಮೀಪಿಸುತ್ತಿದ್ದಂತೆ ಸಿಂಗಪುರದ ಕನ್ನಡ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಊರಿಗೆ ಹೊರಡುವವರು ಕೆಲವರು. ಉಳಿದವರಲ್ಲಿ ಹಲವರ ದೃಷ್ಟಿ ಫುಕೆಟ್, ಕ್ರಾಬಿ, ಚಿಯಾಂಗ್ ಮಾಯ್‌ಗಳ ಕಡೆಗೆ. ಅಲ್ಲಿ ಇಳಿದ ಮರುದಿನವೇ ಹೋಟೆಲಿನ ಎದುರಿನ ಅಂಗಡಿಯಿಂದ ಒಂದು ಬಾಡಿಗೆ ಸ್ಕೂಟರು ಬರುತ್ತದೆ. ಲೈಸೆನ್ಸ್ ಎಲ್ಲಿ ಎಂದು ಅಂಗಡಿಯವನು ಕೇಳುವುದು ಅಪರೂಪ. ಕೇಳುವವರು ರಸ್ತೆಯ ತಿರುವಿನಲ್ಲಿ ನಿಂತಿರುವ ಪೊಲೀಸರು. ಥಾಯ್ ಭಾಷೆಯಲ್ಲಿ ಈ ತಪಾಸಣಾ ಠಾಣ್ಯವನ್ನು ‘ಡಾನ್’ ಎನ್ನುತ್ತಾರೆ.

ಸಂಘದ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ ಅಳೆಸಿಕೊಳ್ಳುತ್ತ ಕುಳಿತವರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಡಾಕ್ಟರೇ, ಅಲ್ಲಿ ಪೊಲೀಸರು ಹಿಡಿದರೆ ಎಷ್ಟು ಕೊಡಬೇಕಾಗುತ್ತದೆ?” ವೈದ್ಯರಿಗೆ ಈ ಪ್ರಶ್ನೆ ಏಕೆ ಎಂದು ಮೊದಮೊದಲು ನಮಗೆ ಅಚ್ಚರಿಯಾಗುತ್ತಿತ್ತು. ಈಗ ಅನಿಸುತ್ತದೆ, ಕೇಳುವ ಸ್ಥಳ ಸರಿಯಾಗಿದೆ, ಪ್ರಶ್ನೆ ಮಾತ್ರ ತಪ್ಪಾಗಿದೆ. ಎಷ್ಟು ಕೊಡಬೇಕು ಎಂಬುದಲ್ಲ. ಆ ಪೊಲೀಸ್ ಕೇಳುವ ಮೂರು ಸಂಗತಿಗಳು, ಅಂದರೆ ಲೈಸೆನ್ಸ್, ಹೆಲ್ಮೆಟ್ ಮತ್ತು ಕುಡಿತ, ನಮ್ಮಲ್ಲಿ ಸರಿಯಾಗಿವೆಯೇ ಎಂಬುದೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೊದಲು ಲೈಸೆನ್ಸಿನ ವಿಷಯ. ಇಲ್ಲಿಯೇ ನಮ್ಮವರಲ್ಲಿ ಅತಿ ಹೆಚ್ಚು ಗೊಂದಲವಿದೆ. ಸಿಂಗಪುರಕ್ಕೆ ಬಂದ ನಮ್ಮಲ್ಲಿ ಬಹುಮಂದಿ ಭಾರತದ ಲೈಸೆನ್ಸನ್ನು ಒಂದು ಲಿಖಿತ ಪರೀಕ್ಷೆ ಬರೆದು ಇಲ್ಲಿನ ಕ್ಲಾಸ್ 3ಕ್ಕೆ, ಎಂದರೆ ಕಾರಿಗೆ, ಬದಲಾಯಿಸಿಕೊಂಡಿದ್ದೇವೆ. ದ್ವಿಚಕ್ರ ವಾಹನಕ್ಕೆ ಬೇರೆಯೇ ವರ್ಗಗಳಿವೆ. 200 ಸಿಸಿವರೆಗಿನ ಬೈಕಿಗೂ ಕ್ಲಾಸ್ 2ಬಿ ಬೇಕು. ಅದನ್ನು ಪಡೆದವರು ನಮ್ಮಲ್ಲಿ ವಿರಳ. ಹೀಗಿರುವಾಗ ಪ್ರವಾಸಕ್ಕೆ ಮೊದಲು ಸಿಂಗಪುರದ ಆಟೋಮೊಬೈಲ್ ಅಸೋಸಿಯೇಷನ್‌ನಿಂದ ಐಡಿಪಿ ಎಂದು ಎಲ್ಲರೂ ಕರೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಂಡು, ಎಲ್ಲವೂ ಸರಿಯಾಯಿತೆಂದು ನಿಶ್ಚಿಂತರಾಗುತ್ತೇವೆ. ಆ ಪುಸ್ತಿಕೆಯನ್ನು ತೆರೆದು ನೋಡಿ. ಎ ವರ್ಗ ಮೋಟಾರು ಬೈಕಿನದು, ಬಿ ವರ್ಗ ಕಾರಿನದು. ನಮ್ಮ ಮೂಲ ಲೈಸೆನ್ಸಿನಲ್ಲಿ ಇಲ್ಲದ ವರ್ಗಕ್ಕೆ ಐಡಿಪಿಯಲ್ಲಿಯೂ ಮುದ್ರೆ ಬೀಳುವುದಿಲ್ಲ. ಐಡಿಪಿ ಹೊಸ ಹಕ್ಕನ್ನು ಕೊಡುವ ಕಾಗದವಲ್ಲ. ಇರುವ ಲೈಸೆನ್ಸಿನ ಅನುವಾದ, ಅಷ್ಟೇ. ಬಿ ಮುದ್ರೆಯ ಪುಸ್ತಿಕೆ ಹಿಡಿದು ಸ್ಕೂಟರು ಓಡಿಸುವವರು, ಕಾನೂನಿನ ದೃಷ್ಟಿಯಲ್ಲಿ, ಲೈಸೆನ್ಸ್ ಇಲ್ಲದೆ ಓಡಿಸುವವರೇ.

ಊರಿನಲ್ಲಿ ದ್ವಿಚಕ್ರ ವಾಹನದ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿರುವವರಿಗೆ ಬೇರೊಂದು ದಾರಿಯಿದೆ. ಅದರ ಆಧಾರದ ಮೇಲೆ ಭಾರತದ ಆರ್‌ಟಿಒ ಕಚೇರಿಯಲ್ಲಿ ಐಡಿಪಿ ಪಡೆಯಬಹುದು. ಅದು ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಅದರೊಂದಿಗೆ ಭಾರತದ ಮೂಲ ಲೈಸೆನ್ಸೂ ಜೇಬಿನಲ್ಲಿರಬೇಕು. ಊರಿಗೆ ಹೋದಾಗ ಮದುವೆ ಮುಂಜಿಗಳ ನಡುವೆ ಆರ್‌ಟಿಒ ಕಚೇರಿಗೆ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲವೆಂಬುದನ್ನು ಬಲ್ಲೆವು. ಆದರೂ ಬೈಕಿನ ಮೋಹವಿರುವವರು ಆ ಒಂದು ಬೆಳಗನ್ನು ಮೀಸಲಿಡುವುದು ಒಳಿತು. ಮೊಬೈಲಿನ ಡಿಜಿಲಾಕರ್ ತೋರಿಸಿದರೆ ಸಾಕೆಂಬ ಅಭ್ಯಾಸ ಭಾರತದ ಗಡಿಯೊಳಗಿನದು.

ಉದ್ಯೋಗದ ನಿಮಿತ್ತ ಬ್ಯಾಂಕಾಕಿಗೆ ವರ್ಗವಾಗಿ ಹೋದ ನಮ್ಮ ಹಳೆಯ ಸದಸ್ಯರೂ ಈ ಪುಟವನ್ನು ಓದುತ್ತಾರೆ. ಅವರು ಪ್ರವಾಸಿಗರಲ್ಲ, ನಿವಾಸಿಗಳು. ವರ್ಷ ವರ್ಷವೂ ಐಡಿಪಿಯನ್ನು ನಂಬಿಕೊಳ್ಳುವ ಬದಲು ಅಲ್ಲಿನ ಭೂಸಾರಿಗೆ ಇಲಾಖೆಯಿಂದ ಥಾಯ್ ಲೈಸೆನ್ಸ್ ಪಡೆಯುವುದು ಅವರಿಗೆ ಕ್ಷೇಮ. ವಾಸಸ್ಥಳದ ದೃಢೀಕರಣ ಅಥವಾ ಕೆಲಸದ ಪರವಾನಗಿ, ವೈದ್ಯರ ಪ್ರಮಾಣಪತ್ರ ಇವಿಷ್ಟು ಬೇಕಾಗುತ್ತವೆ. ಮೊದಲು ಎರಡು ವರ್ಷದ್ದು, ಆಮೇಲೆ ಐದು ವರ್ಷದ್ದು ಕೊಡುತ್ತಾರೆ. ಕಾರಿಗೂ ಬೈಕಿಗೂ ಅಲ್ಲಿಯೂ ಬೇರೆ ಬೇರೆ ಲೈಸೆನ್ಸ್.

ಈಗ ‘ಕೊಡುವ’ ಮಾತಿಗೆ ಬರೋಣ. ತಪಾಸಣೆಯಲ್ಲಿ ಎಲ್ಲವೂ ನ್ಯಾಯವಾಗಿಯೇ ನಡೆಯುತ್ತದೆಂದು ನಾವು ಹೇಳುವುದಿಲ್ಲ. ಹೆಲ್ಮೆಟ್ ಇಲ್ಲದ ಸ್ಥಳೀಯರು ಪಕ್ಕದಲ್ಲೇ ಸಾಗುತ್ತಿರುವಾಗ ಹೊರದೇಶದವರನ್ನಷ್ಟೇ ಬದಿಗೆ ಕರೆದರೆಂಬ ದೂರುಗಳಿವೆ. ರಸೀದಿ ಕೊಡದೆ ಹಣ ಪಡೆದ ಕಥೆಗಳೂ ಇವೆ. ಆದರೆ ನಮ್ಮನ್ನು ಕಾಡುವುದು ನಮ್ಮವರ ನಡತೆ. ಸಿಂಗಪುರದಲ್ಲಿ ಟ್ರಾಫಿಕ್ ಪೊಲೀಸರ ಮುಂದೆ ಐವತ್ತು ಡಾಲರಿನ ನೋಟು ಹೊರತೆಗೆಯುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಹಾಗೆ ಮಾಡಬೇಕೆಂಬ ಯೋಚನೆಯೂ ಸುಳಿಯುವುದಿಲ್ಲ. ಅದೇ ವ್ಯಕ್ತಿ ಗಡಿ ದಾಟಿದ ಕೂಡಲೇ, ಕೇಳುವ ಮೊದಲೇ, ಲೈಸೆನ್ಸಿನ ಕೆಳಗೆ ನೋಟು ಮಡಚಿಡುತ್ತಾನೆ. ಮಕ್ಕಳು ಹಿಂದಿನ ಸೀಟಿನಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿರುತ್ತಾರೆ. ಸಿಂಗಪುರದ ಪೌರತ್ವ ಪಡೆದವರಿಗೆ ಇನ್ನೊಂದು ಮಾತು: ಇಲ್ಲಿನ ಭ್ರಷ್ಟಾಚಾರ ತಡೆ ಕಾಯ್ದೆ ತನ್ನ ಪ್ರಜೆಗಳಿಗೆ ದೇಶದ ಹೊರಗೂ ಅನ್ವಯಿಸುತ್ತದೆ. ಅದರಡಿ 1,00,000 ಡಾಲರಿನವರೆಗೆ ದಂಡ, ಐದು ವರ್ಷಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಕೈ ತೋರಿಸಿದ ಕೂಡಲೇ ವೇಗ ತಗ್ಗಿಸಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕಪ್ಪು ಕನ್ನಡಕ ತೆಗೆಯಿರಿ. ಠಾಣ್ಯ ಕಂಡಾಕ್ಷಣ ಹಿಂದಕ್ಕೆ ತಿರುಗಿಸಿ ವಿರುದ್ಧ ದಿಕ್ಕಿನಲ್ಲಿ ಓಡುವುದು ದಂಡಕ್ಕಿಂತ ದೊಡ್ಡ ಅಪಾಯ. ಮಾತು ಮೆತ್ತಗಿರಲಿ, ಬಹಿರಂಗವಾಗಿ ದನಿಯೇರಿಸುವುದನ್ನು ಥಾಯ್ ಜನ ಅವಮಾನವೆಂದೇ ತಿಳಿಯುತ್ತಾರೆ. “ನಾನು ಯಾರು ಗೊತ್ತೆ” ಎಂಬ ಬೆಂಗಳೂರಿನ ಅಸ್ತ್ರ ಅಲ್ಲಿ ನಡೆಯದು. ತಪ್ಪಿದ್ದರೆ ದಂಡದ ಚೀಟಿ ಕೇಳಿ. ಅದಕ್ಕೆ ಅಲ್ಲಿ ‘ಬಾಯ್ ಸಾಂಗ್’ ಎನ್ನುತ್ತಾರೆ. ಹಣ ಕಟ್ಟಿದ್ದಕ್ಕೆ ರಸೀದಿ ಇರಬೇಕು. ರಸೀದಿ ಇಲ್ಲದ ಹಣ ದಂಡವಲ್ಲ. ಅನ್ಯಾಯವೆನಿಸಿದರೆ, ವಿಶೇಷವಾಗಿ ರಾತ್ರಿ ಹೊತ್ತು ಒಂಟಿಯಾಗಿರುವ ಹೆಣ್ಣುಮಕ್ಕಳು, ಪ್ರವಾಸಿ ಪೊಲೀಸರ 1155 ಸಂಖ್ಯೆಗೆ ಕರೆ ಮಾಡಬಹುದು; ಅಲ್ಲಿ ಇಂಗ್ಲಿಷಿನಲ್ಲಿ ಮಾತಾಡುವವರು ಸಿಗುತ್ತಾರೆ.

ಒಮ್ಮೆ ದಂಡ ಕಟ್ಟಿ ರಸೀದಿ ಇಟ್ಟುಕೊಂಡರೆ ಆಮೇಲೆ ಮೂರು ದಿನ ಯಾರೂ ಕೇಳುವುದಿಲ್ಲ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಪೊಲೀಸರು ಕೇಳದೆ ಇರಬಹುದು. ಕೇಳುವವರು ಬೇರೆ ಇದ್ದಾರೆ.

ಕಳೆದ ವರ್ಷ ನಮ್ಮ ಪರಿಚಯದ ಕುಟುಂಬವೊಂದರ ಹುಡುಗ ಗೆಳೆಯರೊಡನೆ ಉತ್ತರ ಥಾಯ್ಲೆಂಡಿಗೆ ಹೋಗಿದ್ದ. ಚಿಯಾಂಗ್ ಮಾಯ್‌ನಿಂದ ಪಾಯ್ ಎಂಬ ಬೆಟ್ಟದೂರಿಗೆ ಹೋಗುವ ರಸ್ತೆಯಲ್ಲಿ 762 ತಿರುವುಗಳಿವೆಯೆಂದು ಅಲ್ಲಿ ಅಂಗಿಗಳ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ತರುಣರಿಗೆ ಅದೇ ಆಕರ್ಷಣೆ. ಹುಡುಗ ಬೈಕ್ ಓಡಿಸಲು ಬಾರದವನಲ್ಲ. ದಾವಣಗೆರೆಯಲ್ಲಿ ಕಾಲೇಜಿನ ದಿನಗಳಿಂದ ಓಡಿಸಿದವನು. ಎರಡು ಕಡೆ ಪೊಲೀಸರು ನಿಲ್ಲಿಸಿದ್ದರು; ಎರಡೂ ಕಡೆ ಹಣ ಕೊಟ್ಟು ಮುಂದೆ ಸಾಗಿದ್ದ. ಮೂರನೆಯ ದಿನ ಮಳೆಗೆ ನೆನೆದ ತಿರುವಿನಲ್ಲಿ ಚಕ್ರ ಜಾರಿತು. ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಹರಿದು ಹೊರಬಂದಿತ್ತು. ಇಂತಹ ಗಾಯದಲ್ಲಿ ಮೂಳೆಗೆ ಸೋಂಕು ತಗಲುವ ಭಯವಿರುವುದರಿಂದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಅವನ ತಾಯಿ ನಮಗೆ ಫೋನ್ ಮಾಡಿದರು. ಅಲ್ಲಿನ ವೈದ್ಯರೊಡನೆ ನಾವು ಮಾತನಾಡಿದೆವು. ಚಿಕಿತ್ಸೆ ಅಚ್ಚುಕಟ್ಟಾಗಿಯೇ ನಡೆಯಿತು. ತೊಡಕು ಬಂದದ್ದು ಮರುದಿನ. ವಿಮಾ ಸಂಸ್ಥೆಯವರು ಕೇಳಿದ್ದು ಮೂರೇ ಕಾಗದ: ಆ ವಾಹನಕ್ಕೆ ಒಪ್ಪುವ ಲೈಸೆನ್ಸ್, ಐಡಿಪಿಯ ಪುಟ, ರಕ್ತದಲ್ಲಿನ ಮದ್ಯದ ವರದಿ. ಮೂರನೆಯದು ಶುಭ್ರವಾಗಿತ್ತು, ಹುಡುಗ ಕುಡಿಯುವವನಲ್ಲ. ಐಡಿಪಿಯಲ್ಲಿ ಕಾರಿನ ಮುದ್ರೆ ಮಾತ್ರವಿತ್ತು. ಬೈಕಿನ ಲೈಸೆನ್ಸ್ ದಾವಣಗೆರೆಯ ಮನೆಯ ಬೀರುವಿನಲ್ಲಿತ್ತು, ಅವಧಿ ಮುಗಿದು. ವಿಮೆಯ ಹಣ ಬರಲಿಲ್ಲ. ತಂದೆ ನಿವೃತ್ತಿಗೆಂದು ಇಟ್ಟಿದ್ದ ಠೇವಣಿಯನ್ನು ಮುರಿಸಬೇಕಾಯಿತು.

ಡಾನ್‌ನಲ್ಲಿ ಪೊಲೀಸ್ ಕೇಳಿದ್ದ ಪ್ರಶ್ನೆಯೇ ವಿಮಾ ಸಂಸ್ಥೆಯ ಪ್ರಶ್ನೆಯೂ ಆಗಿತ್ತೆಂಬುದನ್ನು ಗಮನಿಸಬೇಕು. ಮೊದಲ ಸಲ ಅದಕ್ಕೆ ಉತ್ತರ ಕೆಲವು ನೂರು ಬಾತಿನಲ್ಲಿ ಸಿಕ್ಕಿತು. ನಾವು ನೋಡಿದ ಪ್ರವಾಸ ವಿಮೆಗಳಲ್ಲೆಲ್ಲ ಲೈಸೆನ್ಸ್, ಹೆಲ್ಮೆಟ್, ಮದ್ಯ ಈ ಮೂರರ ಷರತ್ತು ಸಣ್ಣ ಅಕ್ಷರಗಳಲ್ಲಿ ಇದ್ದೇ ಇರುತ್ತದೆ. ಹೊರಡುವ ಮುನ್ನ ಆ ಪುಟವನ್ನೊಮ್ಮೆ ಓದಿ.

ಹೆಲ್ಮೆಟಿನ ಬಗೆಗೆ ವೈದ್ಯರಾಗಿ ನಾವು ತುಸು ಹೆಚ್ಚು ಹೇಳುವುದನ್ನು ಸಹಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿಯ ಅಂದಾಜಿನಂತೆ ಥಾಯ್ಲೆಂಡಿನಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 32.7 ಮಂದಿ ರಸ್ತೆ ಅಪಘಾತಗಳಲ್ಲಿ ಮಡಿಯುತ್ತಿದ್ದರು. ಹಾಗೆ ಮಡಿದವರಲ್ಲಿ ಶೇಕಡ 74 ಮಂದಿ ಎರಡು ಮೂರು ಚಕ್ರದ ವಾಹನಗಳವರು. ಸ್ಥಳೀಯರೇ ಹೆಲ್ಮೆಟ್ ಹಾಕುವುದಿಲ್ಲ, ನಮಗೇಕೆ ಎನ್ನುವವರಿಗೆ ಈ ಅಂಕಿಯೇ ಉತ್ತರ. ಹೆಲ್ಮೆಟ್ ಧರಿಸಿದ ಸವಾರರಲ್ಲಿ ಸಾವಿನ ಸಂಭವ ಸುಮಾರು ಶೇಕಡ 42ರಷ್ಟೂ ತಲೆಗೆ ಪೆಟ್ಟಾಗುವ ಸಂಭವ ಶೇಕಡ 69ರಷ್ಟೂ ಕಡಿಮೆಯೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಮೀಕ್ಷೆ ತಿಳಿಸುತ್ತದೆ. ಇಷ್ಟು ಪರಿಣಾಮವಿರುವ ಔಷಧಿಗಳು ನಮ್ಮ ಬಳಿ ಹೆಚ್ಚಿಲ್ಲ. 2022ರ ಸೆಪ್ಟೆಂಬರಿನಿಂದ ಥಾಯ್ಲೆಂಡಿನಲ್ಲಿ ಹೆಲ್ಮೆಟ್ ಇಲ್ಲದವರಿಗೆ ಗರಿಷ್ಠ ದಂಡ 2,000 ಬಾತಿಗೆ ಏರಿದೆ. ಹಿಂಬದಿಯ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಕರ್ನಾಟಕದಲ್ಲಿಯೂ 2016ರಲ್ಲಿ ಹಿಂಬದಿ ಸವಾರರಿಗೆ ಇದೇ ನಿಯಮ ಬಂದಾಗ ಎಷ್ಟು ಗೊಣಗಿದ್ದೆವೆಂಬುದು ನೆನಪಿರಬಹುದು.

ಬಾಡಿಗೆ ಅಂಗಡಿಯ ಹೆಲ್ಮೆಟ್ ಬಹಳ ಸಲ ಹೆಸರಿಗಷ್ಟೇ ಇರುತ್ತದೆ. ಕೊಂಡಿ ಮುರಿದಿರುತ್ತದೆ, ಇಲ್ಲವೇ ತಲೆಯ ಮೇಲೆ ತೆಂಗಿನ ಚಿಪ್ಪಿನಂತೆ ಕುಳಿತಿರುತ್ತದೆ. ಪಟ್ಟಿ ಬಿಗಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಉಳಿಯಬಾರದು. ಪಟ್ಟಿ ಬಿಗಿಯದ ಹೆಲ್ಮೆಟ್ ದೇಹಕ್ಕಿಂತ ಮೊದಲೇ ನೆಲ ಸೇರುತ್ತದೆ. ಮಕ್ಕಳ ಅಳತೆಯದು ಅಂಗಡಿಗಳಲ್ಲಿ ಸಿಗುವುದೇ ಕಷ್ಟ. ಐದು ವರ್ಷದ ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಎಂಟು ವರ್ಷದವಳನ್ನು ನಡುವೆ ಕೂರಿಸಿಕೊಂಡು ನಾಲ್ವರು ಒಂದೇ ಸ್ಕೂಟರಿನಲ್ಲಿ ಕಡಲತೀರಕ್ಕೆ ಹೊರಟ ಚಿತ್ರಗಳನ್ನು ಬಳಗದಲ್ಲಿ ಹಂಚಿಕೊಳ್ಳುತ್ತೀರಿ. ಊರಿನ ನೆನಪಿನಿಂದ ನಮಗೂ ಒಂದು ಕ್ಷಣ ನಗು ಬರುತ್ತದೆ. ಆದರೂ ಆ ಚಿತ್ರಕ್ಕೆ ಮೆಚ್ಚುಗೆ ಒತ್ತಲು ನಮ್ಮ ಬೆರಳು ಏಳುವುದಿಲ್ಲ. ಸೈಲೆನ್ಸರ್ ತಗಲಿ ಬಲಗಾಲಿನ ಮೀನಖಂಡದ ಮೇಲಾಗುವ ಸುಟ್ಟಗಾಯದ ಮಾತೇ ಬೇಡ. ಅದನ್ನು ಹದಿನೈದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ, ಟೂತ್‌ಪೇಸ್ಟ್ ಹಚ್ಚಬೇಡಿ.

ಮದ್ಯದ ಮಿತಿ ದೇಶದಿಂದ ದೇಶಕ್ಕೆ ಬೇರೆ. 100 ಮಿಲಿಲೀಟರ್ ರಕ್ತದಲ್ಲಿ ಸಿಂಗಪುರದಲ್ಲಿ 80 ಮಿಲಿಗ್ರಾಂ, ಥಾಯ್ಲೆಂಡಿನಲ್ಲಿ 50, ಭಾರತದಲ್ಲಿ 30. ಸರಿಯಾದ ಲೈಸೆನ್ಸ್ ಇಲ್ಲದವರಿಗೆ ಥಾಯ್ಲೆಂಡಿನ ಮಿತಿ 20 ಮಾತ್ರ. ಸಿಂಗಪುರದ ಅಂದಾಜಿನಲ್ಲಿ “ಎರಡು ಬಿಯರ್‌ಗೆ ಏನೂ ಆಗುವುದಿಲ್ಲ” ಎಂದುಕೊಂಡವರು ಅಲ್ಲಿ ಅಪರಾಧಿಗಳಾಗಿ, ದಂಡವಷ್ಟೇ ಅಲ್ಲದೆ ಸೆರೆಮನೆಯನ್ನೂ ಕಾಣಬಹುದು. ಊದಲು ನಿರಾಕರಿಸಿದರೆ ಕುಡಿದವರೆಂದೇ ಪರಿಗಣಿಸುತ್ತಾರೆ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ವಾಹನ ಸಾಗುವುದರಿಂದ ಊರಿನಲ್ಲೇ ಇದ್ದೇವೆಂಬ ಸಲಿಗೆ ಬೇಗ ಬಂದುಬಿಡುತ್ತದೆ.

ಇನ್ನು, ಇಂದು ಎಲ್ಲೆಲ್ಲಿ ಡಾನ್ ಇದೆ ಎಂದು ಬಳಗಗಳಲ್ಲಿ ಸಂದೇಶ ಹಂಚುವ ಪರಿಪಾಠ. ಇದನ್ನು ಉಪಕಾರವೆಂದು ಮಾಡುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ಸರಿಯಾದ ಕಾಗದವಿರುವವರಿಗೆ ಆ ಸಂದೇಶದ ಅಗತ್ಯವಿಲ್ಲ. ಇಲ್ಲದವರು ಅದನ್ನು ನಂಬಿ ಮುಖ್ಯರಸ್ತೆ ಬಿಟ್ಟು ದೀಪವಿಲ್ಲದ ಒಳದಾರಿ ಹಿಡಿಯುತ್ತಾರೆ. ಸಂಘದ ಬಳಗಗಳಲ್ಲಾದರೂ ಅಂತಹ ಸಂದೇಶಗಳನ್ನು ನಿಲ್ಲಿಸಬೇಕೆಂದು ನಿರ್ವಾಹಕರನ್ನು ಕೋರುತ್ತೇವೆ. ಅವುಗಳ ಬದಲು ಸ್ಥಳೀಯ ತುರ್ತು ವೈದ್ಯಕೀಯ ಸೇವೆಯ 1669 ಸಂಖ್ಯೆಯನ್ನು ಹಂಚಿದರೆ ಯಾರಿಗಾದರೂ ನೆರವಾದೀತು.

ಅಂಗಡಿಯಲ್ಲಿ ಒತ್ತೆಯಾಗಿ ಪಾಸ್‌ಪೋರ್ಟನ್ನು ಬಿಟ್ಟುಬರಬೇಡಿ. ನಗದು ಠೇವಣಿಗೆ ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ಆಸ್ಪತ್ರೆಗೂ ಠಾಣೆಗೂ ಮೊದಲು ಬೇಕಾಗುವುದು ಪಾಸ್‌ಪೋರ್ಟೇ.

ಎ ಮುದ್ರೆ ಇಲ್ಲದವರು ಈ ಸಲ ಸ್ಕೂಟರಿನ ಆಸೆ ಬಿಡುವುದೇ ಲೇಸು. ಚಿಯಾಂಗ್ ಮಾಯ್‌ನಲ್ಲಿ ಕೆಂಪು ಬಣ್ಣದ ಸಾಂಗ್‌ಥ್ಯೂಗಳು ಬೀದಿ ಬೀದಿಯಲ್ಲಿ ಸಿಗುತ್ತವೆ. ನಮ್ಮ ಹಳ್ಳಿಗಳ ಟೆಂಪೋಗಳಂತೆ ಹಿಂದೆ ಎರಡು ಬೆಂಚು, ಎದುರುಬದುರು ಕೂರುವುದು. ಪಾಯ್‌ಗೆ ಮಿನಿವ್ಯಾನ್ ಹೋಗುತ್ತದೆ. 762 ತಿರುವುಗಳಿಗೆ ವಾಂತಿಯಾಗದಂತೆ ಹೊರಡುವ ಅರ್ಧ ಗಂಟೆ ಮೊದಲು ಮಾತ್ರೆ ಬೇಕಾದವರು ಮುಂದಿನ ಶಿಬಿರದಲ್ಲಿ ನಮ್ಮನ್ನು ಕೇಳಬಹುದು.