ಅಜ್ಜಿಯ ಕೈ ಮತ್ತು ಬೆಳಕಿನ ಲೆಕ್ಕ

ಕಳೆದ ದೀಪಾವಳಿಯ ಸಂಜೆ ನಮ್ಮ ಮನೆಯ ಅಜ್ಜಿ ತುಳಸಿಕಟ್ಟೆಯ ಮುಂದೆ ಹಣತೆ ಹಚ್ಚುತ್ತಿದ್ದರು. ವಯಸ್ಸಾದ ಕೈ, ಸ್ವಲ್ಪ ನಡುಗುತ್ತದೆ. ಮೊಮ್ಮಗಳು ಕ್ಯಾಮೆರಾ ಹಿಡಿದು ಫೋಟೋ ತೆಗೆದಳು. ನೋಡಿದರೆ ತುಳಸಿಕಟ್ಟೆ ಚೆನ್ನಾಗಿ ಬಂದಿದೆ, ಅಜ್ಜಿಯ ಕೈ ಮಾತ್ರ ಹೊಗೆಯಂತೆ ಕಲಸಿಹೋಗಿದೆ!

"ಅಜ್ಜಾ, ಕ್ಯಾಮೆರಾ ಕೆಟ್ಟಿದೆಯಾ?"

"ಇಲ್ಲ ಪುಟ್ಟಿ, ಬೆಳಕಿನ ಲೆಕ್ಕ ತಪ್ಪಿದೆ."

ಮಕ್ಕಳೇ, ನಲ್ಲಿಯಲ್ಲಿ ನೀರು ಹಿಡಿಯುವುದನ್ನು ನೆನೆಯಿರಿ. ನಲ್ಲಿ ಎಷ್ಟು ತಿರುಗಿಸಿದಿರಿ, ಎಷ್ಟು ಹೊತ್ತು ಬಿಟ್ಟಿರಿ, ಕೆಳಗಿಟ್ಟದ್ದು ಕೊಡವೋ ಚೊಂಬೋ, ಈ ಮೂರೂ ಸೇರಿ ಪಾತ್ರೆ ತುಂಬುತ್ತದೆ. ಕ್ಯಾಮೆರಾದಲ್ಲಿ ನೀರಿನ ಬದಲು ಬೆಳಕು. ಲೆನ್ಸಿನೊಳಗಿನ ಕಿಂಡಿಯೇ ಅಪರ್ಚರ್. ಬೆಳಕನ್ನು ಒಳಗೆ ಬಿಡುವ ಹೊತ್ತು ಷಟರ್ ವೇಗ. ಐಎಸ್ಒ ಏರಿಸಿದರೆ ಕೊಡದ ಬದಲು ಚೊಂಬು ಇಟ್ಟಂತೆ, ಕಡಿಮೆ ಬೆಳಕೇ ಸಾಕು.

ಕಿಂಡಿಯ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಒಂದು ಹೋಳಿಗೆಯನ್ನು 4 ಜನ ಹಂಚಿಕೊಂಡರೆ ದೊಡ್ಡ ತುಂಡು, 16 ಜನ ಹಂಚಿಕೊಂಡರೆ ಸಣ್ಣದು, ಅಲ್ಲವೇ? ಹಾಗೆ.

ಆದರೆ ಪ್ರತಿಯೊಂದಕ್ಕೂ ಬೆಲೆ ತೆರಬೇಕು. ಕಿಂಡಿ ಅಗಲಿಸಿದರೆ ಹಿಂದಿರುವುದು ಮಸುಕಾಗುತ್ತದೆ. ಹೊತ್ತು ಹೆಚ್ಚಿಸಿದರೆ ಅಲುಗಿದ್ದೆಲ್ಲ ಕಲಸುತ್ತದೆ. ಐಎಸ್ಒ ಏರಿಸಿದರೆ ಫೋಟೋದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ.

ಪುಟ್ಟಿಯ ಕ್ಯಾಮೆರಾದಲ್ಲಿ ಅಪರ್ಚರ್ 2.8, ಅದಕ್ಕಿಂತ ಅಗಲ ಆಗದು. ಐಎಸ್ಒ 400, ಷಟರ್ 1/15 ಸೆಕೆಂಡ್. ನಡುಗುವ ಕೈಗೆ ಅದು ಬಹಳ ಹೊತ್ತು. ಷಟರನ್ನು 1/60 ಸೆಕೆಂಡಿಗೆ ತಂದೆವು. ಬೆಳಕು ನಾಲ್ಕನೇ ಒಂದು ಭಾಗವಾಯಿತು. ಅದನ್ನು ಸರಿದೂಗಿಸಲು ಐಎಸ್ಒ ನಾಲ್ಕು ಪಟ್ಟು ಮಾಡಿ 1600 ಇಟ್ಟೆವು.

ಅಜ್ಜಿ ಇನ್ನೊಂದು ಹಣತೆ ಹಚ್ಚಿದರು. ಈ ಸಲ ಬೆರಳು, ಬಳೆ, ಬತ್ತಿ ಎಲ್ಲ ಸ್ಪಷ್ಟ. ಅಲ್ಲಲ್ಲಿ ರವೆ ಇತ್ತು.

"ರವೆ ಇದ್ದರೆ ಇರಲಿ, ಅಜ್ಜಿ ಕೈ ಸಿಕ್ಕಿತಲ್ಲ!" ಎಂದಳು ಪುಟ್ಟಿ. ಲೆಕ್ಕದ ಗುಟ್ಟು ಅಷ್ಟೇ. ಯಾವುದು ಬೇಕೇ ಬೇಕು ಎಂದು ಮೊದಲು ತೀರ್ಮಾನಿಸಿ, ಉಳಿದದ್ದನ್ನು ಹೊಂದಿಸಬೇಕು.

ಹಿರಿಯರೇ, ಹಿಂದೆ ಫಿಲ್ಮ್ ಡಬ್ಬಿಯ ಮೇಲೆ ಬಿಸಿಲು, ಮೋಡದ ಚಿತ್ರಗಳಿರುತ್ತಿದ್ದವು, ನೆನಪಿದೆಯೇ? ಅದೇ ಲೆಕ್ಕವನ್ನು ಮೊಮ್ಮಕ್ಕಳಿಗೆ ಹೇಳಿಕೊಡಿ. ಒಳ್ಳೆಯ ಬಿಸಿಲಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತು ಐಎಸ್ಒ 100, ಅಪರ್ಚರ್ 16, ಷಟರ್ 1/125 ಇಟ್ಟು ಒಂದು ಫೋಟೋ. ಆಮೇಲೆ ಅಪರ್ಚರ್ 8, ಷಟರ್ 1/500 ಇಟ್ಟು ಇನ್ನೊಂದು. ಎರಡರಲ್ಲೂ ಬೆಳಕು ಒಂದೇ. ಬದಲಾದದ್ದೇನು? ಇಬ್ಬರೂ ಕೂತು ಹುಡುಕಿ.