ಆ ‘ಆದರೆ’ ಕಣ್ಣಿಗೆ ಬಿತ್ತೆ?

ಅಮೆರಿಕ, ಕೆನಡಾಗಳ ವೈದ್ಯಕೀಯ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ ‘ಕಾರ್ಸ್’ ಎಂಬ ಓದಿನ ವಿಭಾಗವಿದೆ. ಅದರಲ್ಲಿ ಅಂಕ ಬೇಕಿದ್ದರೆ ಮೊದಲು ಪ್ರಶ್ನೆ ನೋಡಿ, ಆಮೇಲೆ ಗದ್ಯಭಾಗದ ಮೇಲೆ ಕಣ್ಣಾಡಿಸಿ ಎಂದಿದ್ದಾರೆ ಕಳೆದ ಸಂಚಿಕೆಯ ಲೇಖಕರು. ಉಪಾಯ ಹೇಳುವವರು ಅಪಾಯವನ್ನೂ ನೋಡಬೇಕಲ್ಲ!

ಲೆಕ್ಕ ಹಾಕೋಣ. 90 ನಿಮಿಷ, 9 ಗದ್ಯಭಾಗ, 53 ಪ್ರಶ್ನೆ. ಗದ್ಯವೊಂದಕ್ಕೆ 10 ನಿಮಿಷ. ಅದರ ಉದ್ದ ಹೆಚ್ಚೆಂದರೆ ಸುಮಾರು 600 ಪದ. ಸಾವಧಾನವಾಗಿ ಓದಿದರೂ ನಾಲ್ಕು ನಿಮಿಷ ಸಾಕು. ಸಮಯ ನುಂಗುವುದು ಅರ್ಥವಾಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗುವ ಪರದಾಟ.

ಮಕ್ಕಳು ಎಡವುವ ಜಾಗವೇ ಬೇರೆ. ‘ಈ ಕಟ್ಟಡ ಕುರೂಪವೆಂದು ವಿಮರ್ಶಕರು ಹೇಳುತ್ತಾರೆ’ ಎಂದು ಗದ್ಯ ಶುರುವಾಯಿತೆನ್ನಿ. ನಾಲ್ಕು ಸಾಲು ದಾಟಿದ ಮೇಲೆ ಒಂದು ಪುಟ್ಟ ‘ಆದರೆ’ ಬರುತ್ತದೆ. ಕಣ್ಣಾಡಿಸಿದವನಿಗೆ ಸಿಕ್ಕಿದ್ದು ‘ಕುರೂಪ’ ಮಾತ್ರ. ಅದನ್ನೇ ಗದ್ಯ ಬರೆದವರ ಅಭಿಪ್ರಾಯವೆಂದು ಗುರುತು ಹಾಕಿ ಎದ್ದು ಬರುತ್ತಾನೆ. ಇನ್ನು ಶೇ 40ರಷ್ಟು ಪ್ರಶ್ನೆಗಳು ಗದ್ಯದ ವಾದವನ್ನು ಹೊಸ ಸಂದರ್ಭಕ್ಕೆ ಒಡ್ಡಿ ನೋಡುವಂಥವು. ಅವುಗಳ ಉತ್ತರ ಯಾವ ಸಾಲಿನಲ್ಲೂ ಬರೆದಿರುವುದಿಲ್ಲ, ಹುಡುಕಿದರೆ ಸಿಗುವುದಾದರೂ ಏನು?

ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ ಎಂಬ ಕಳೆದ ಸಂಚಿಕೆಯ ಲೇಖಕರ ಮಾತು ಒಪ್ಪಿದೆ. ಆದರೆ ಅದು ಕೊನೆಯ ತಿಂಗಳ ಕೆಲಸ. ಅಲ್ಲಿಯವರೆಗೆ ತತ್ತ್ವಶಾಸ್ತ್ರ, ಕಲೆ, ಇತಿಹಾಸದ ಬರಹ ಓದಿ. ತಪ್ಪಿದ ಪ್ರತಿ ಪ್ರಶ್ನೆಗೂ ಸರಿಯುತ್ತರಕ್ಕೆ ಆಧಾರವಾದ ವಾಕ್ಯಗಳ ಮೇಲೆ ಬೆರಳಿಡಿ. ಈ ಶ್ರಮ ದಂಡವಲ್ಲ: ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಎಂಕ್ಯಾಟ್‌ನ ನಾಲ್ಕು ವಿಭಾಗಗಳ ಪೈಕಿ ಈ ಓದಿನ ಅಂಕವನ್ನಷ್ಟೇ ಗಣನೆಗೆ ತೆಗೆದುಕೊಳ್ಳುತ್ತದೆ.