ತಿಂಗಳು ತಪ್ಪಿದಾಗ

ವಾರ್ಷಿಕ ಸಂಚಿಕೆಗೆ ಇಂಥ ವಿಷಯ ತಕ್ಕುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ನನಗೂ ಸಂಕೋಚವಿಲ್ಲದೆ ಇಲ್ಲ. ಆದರೆ ಇದೊಂದು ಕಾರಣದಿಂದ ನನ್ನ ಓದು ಪಿ.ಯು.ಸಿ.ಯಲ್ಲಿಯೇ ನಿಂತುಹೋಗುವುದರಲ್ಲಿತ್ತು. ಆದ್ದರಿಂದ ಬರೆಯುತ್ತೇನೆ, ಸಹಪಾಠಿಗಳೂ ಗುರುಗಳೂ ಮನ್ನಿಸಬೇಕು.

ಮುಟ್ಟಾದ ಹೆಂಗಸರು ಮೂರು ದಿನ ಜಗಲಿಯಲ್ಲಿ ಕೂರುವುದು ನಮ್ಮ ಮನೆಯಲ್ಲಿ ಇಂದಿಗೂ ರೂಢಿ. ಕುಳಿತದ್ದು ಬೀದಿಗೆಲ್ಲ ತಿಳಿಯುವಂತೆ, ಕೂರದೆ ಇದ್ದದ್ದೂ ತಿಳಿಯುತ್ತದೆ. ಆಗ ನನಗೆ ಹದಿನೇಳು. ಎರಡು ತಿಂಗಳು ಮುಟ್ಟು ಬರಲಿಲ್ಲ. ಮೂರನೆಯ ತಿಂಗಳು ಹೆದರಿ, ಸುಳ್ಳೇ ಹೋಗಿ ಜಗಲಿಯಲ್ಲಿ ಕುಳಿತೆ. ಪ್ಯಾಡಿನ ಕಟ್ಟು ಒಡೆಯದೆ ಇದ್ದದ್ದು ಅವ್ವನ ಕಣ್ಣಿಗೆ ಬಿತ್ತು. "ಯಾರವ, ಹೇಳು" ಎಂದಳು. ಬೇರೆ ಏನನ್ನೂ ಕೇಳಲಿಲ್ಲ. ಅಂದು ರಾತ್ರಿಯೇ ಸೋದರತ್ತೆ ಕಾಲೇಜು ಬಿಡಿಸಿ ಗಂಡು ನೋಡುವ ಮಾತೆತ್ತಿದಳು.

ಊರಿನ ಆಶಾ ಕಾರ್ಯಕರ್ತೆ ಹಟ ಹಿಡಿದು ನನ್ನನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದರು. ಅವರು ಮೂತ್ರ ಪರೀಕ್ಷೆ ಮಾಡಿಸಿ, ತೂಕ ನೋಡಿದರು, 36 ಕಿಲೋ. ಆಮೇಲೆ, "ಬೆಳಿಗ್ಗೆ ಏನು ತಿಂದು ಹೋಗ್ತೀ ತಂಗಿ?" ಎಂದರು. ಆರೂವರೆಯ ಬಸ್ಸು ಹಿಡಿಯುವವಳು ಏನು ತಿಂದಾಳು? ಮಧ್ಯಾಹ್ನದವರೆಗೆ ಒಂದು ಲೋಟ ಚಹಾ. ಪರೀಕ್ಷೆಯ ಚಿಂತೆಯಲ್ಲಿ ರಾತ್ರಿಯ ಊಟವೂ ಅರ್ಧ.

ಮಳೆ ಹೋದ ವರ್ಷ ರೈತ ಬಿತ್ತನೆಯನ್ನು ಮುಂದಕ್ಕೆ ಹಾಕುತ್ತಾನೆ. ದೇಹವೂ ಹಾಗೆಯೇ. ಅನ್ನ ಸಾಲದಾದಾಗ, ಚಿಂತೆ ಹೆಚ್ಚಿದಾಗ ಮೆದುಳು ಅಂಡಾಶಯಕ್ಕೆ ಕಳುಹಿಸುವ ಸೂಚನೆಯನ್ನು ತಗ್ಗಿಸುತ್ತದೆ, ಮುಟ್ಟು ನಿಲ್ಲುತ್ತದೆ. ಬಹುಕಾಲ ಹೀಗೆಯೇ ಉಳಿದರೆ ಎಲುಬುಗಳೂ ದುರ್ಬಲವಾಗುತ್ತವೆ. ಥೈರಾಯ್ಡ್ ದೋಷದಿಂದ ತಪ್ಪುವುದುಂಟು. 1935ರಲ್ಲಿ ಶಿಕಾಗೋದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವಿವರಿಸಿದ, ಇಂದು ಪಿ.ಸಿ.ಓ.ಎಸ್. ಎಂದು ಕರೆಯುವ ತೊಂದರೆಯಿಂದಲೂ ಉಂಟು. ಮೈನೆರೆದ ಮೊದಲ ವರ್ಷಗಳಲ್ಲಿ 21ರಿಂದ 45 ದಿನಗಳ ಅಂತರ ಸಹಜವೇ. ಮೂರು ತಿಂಗಳು ಬಾರದಿದ್ದರೆ, ಅಥವಾ 15 ತುಂಬಿದರೂ ಮೈನೆರೆಯದಿದ್ದರೆ, ವೈದ್ಯರನ್ನು ಕಾಣಬೇಕು. ಗರ್ಭವೂ ಒಂದು ಕಾರಣವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹಾಗಿದ್ದರಂತೂ ಆ ಹುಡುಗಿಗೆ ಬೈಗುಳಕ್ಕಿಂತ ಮೊದಲು ಡಾಕ್ಟರು ಬೇಕು.

ನಮ್ಮವರ ಕ್ರಮವೇ ತಲೆಕೆಳಗು. ಜ್ವರ ಬಂದರೆ ಮಾತ್ರೆ, ಮುಟ್ಟು ನಿಂತರೆ ಶೀಲದ ವಿಚಾರಣೆ! ಅವ್ವನನ್ನು ಮಾತ್ರ ನಾನು ದೂರಲಾರೆ. ಹದಿನಾರಕ್ಕೆ ಮದುವೆಯಾಗಿ ಹದಿನೇಳಕ್ಕೆ ತಾಯಿಯಾದವಳು. ಮುಟ್ಟು ನಿಲ್ಲುವುದಕ್ಕೆ ಅವಳು ಕಂಡ ಕಾರಣ ಒಂದೇ. ವಿಷಯ ತಿಳಿದ ಮೇಲೆ ನಸುಕಿನಲ್ಲೆದ್ದು ರೊಟ್ಟಿ ತಟ್ಟಿ ಬುತ್ತಿ ಕಟ್ಟಿದಳು. ಕೆಲವು ತಿಂಗಳಲ್ಲಿ ಎಲ್ಲ ಸರಿಹೋಯಿತು. ಓದಿದವರಾದ ನಮಗೆ ಆ ನೆವವಿಲ್ಲ. ಆದರೂ ತರಗತಿಯಲ್ಲಿ ಈ ಮಾತು ಬಂದರೆ ಹಿಂದಿನ ಬೆಂಚಿನಲ್ಲಿ ನಗೆ ಏಳುತ್ತದೆ, ಅಧ್ಯಾಪಕರು ಪುಟ ಮಗುಚುತ್ತಾರೆ.

ಕಾಲೇಜಿಗೆ ಸೇರುವಾಗ ನಮ್ಮ ಜಾತಿ ಕೇಳುತ್ತಾರೆ, ತಂದೆಯ ಆದಾಯ ಕೇಳುತ್ತಾರೆ. ಮೊದಲ ಬಸ್ಸಿಗೆ ಬರುವ ಹುಡುಗಿಯರು ಏನು ತಿಂದು ಬರುತ್ತಾರೆಂದು ಒಂದು ಬಾರಿ ಕೇಳಿ ನೋಡಲಿ.